ಚೊಂಬು ಸೋರುವ ಕೋಣೆ

ನಮ್ಮ ಮನೆಯ ಪಡಸಾಲೆಯ ಕಂಬಕ್ಕೆ ಎರಡು ಮೊಳೆಗಳಿದ್ದವು. ಒಂದರಲ್ಲಿ ಅವ್ವನ ಕ್ಯಾಲೆಂಡರ್ ತೂಗುತ್ತಿತ್ತು, ಇನ್ನೊಂದರಲ್ಲಿ ಅಪ್ಪನ ಹಲಗೆ. ಮೊಳದುದ್ದದ ಆ ಹಲಗೆಯ ಮೇಲೆ ಎರಡು ಥರ್ಮಾಮೀಟರುಗಳು ಅಕ್ಕಪಕ್ಕ ನಿಂತಿದ್ದವು. ಎಡಗಡೆಯದರ ಬುರುಡೆಗೆ ಏನೂ ಸುತ್ತಿರಲಿಲ್ಲ. ಬಲಗಡೆಯದಕ್ಕೆ ಅಪ್ಪನ ಹಳೆಯ ಪಂಚೆಯಿಂದ ಹರಿದ ಬತ್ತಿ ಸುತ್ತಿ, ಅದರ ತುದಿಯನ್ನು ಔಷಧಿ ಶೀಶೆಯೊಂದರ ನೀರಿಗೆ ಇಳಿಬಿಟ್ಟಿದ್ದೆವು. ಅಪ್ಪ ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ. ಬಿಸಿಯಾದ ನೀರನ್ನು ಎತ್ತರದಿಂದ ಸುರಿಸಿ, ಗಾಳಿಗೆ ಒಡ್ಡಿ ತಣಿಸುವ ದೊಡ್ಡ ಗೋಪುರಗಳು ಅಲ್ಲಿದ್ದವು. ಕೂಲಿಂಗ್ ಟವರ್ ಅನ್ನುತ್ತಾರೆ. ಅವುಗಳ ಬುಡದಲ್ಲಿ ನಿಂತು ಗಂಟೆಗೊಮ್ಮೆ ಇಂಥದೇ ಎರಡು ಥರ್ಮಾಮೀಟರ್ ನೋಡಿ ಲಾಗ್ ಶೀಟಿನಲ್ಲಿ ಬರೆಯುವುದು ಅಪ್ಪನ ಕೆಲಸಗಳಲ್ಲಿ ಒಂದು. ಹೊಸ ಹಲಗೆ ಬಂದ ಮೇಲೆ ಹಳೆಯದು ಅಲ್ಲಿ ಯಾರಿಗೂ ಬೇಡವಾಯಿತು. ಅಪ್ಪ ಮೇಲಿನವರನ್ನು ಕೇಳಿ, ಟವೆಲಿನಲ್ಲಿ ಸುತ್ತಿ, ಕಂಪನಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಸಪೇಟೆಯವರೆಗೂ ತಂದಿದ್ದ.

ಆಗ ನಾನು ಎಂಟನೇ ಕ್ಲಾಸು. ಬರೆದಿಡುವ ಚಟ ನನಗೆ ಅಂಟಿಕೊಂಡದ್ದು ಆ ಹಲಗೆಯಿಂದಲೇ ಇರಬೇಕು. ದಿನಕ್ಕೆ ಮೂರು ಸಲ, ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ, ಸ್ಕೇಲಿನಿಂದ ಗೆರೆ ಎಳೆದ ನೋಟುಬುಕ್ಕಿನಲ್ಲಿ ಎರಡೂ ಅಂಕಿಗಳನ್ನು ಬರೆಯುತ್ತಿದ್ದೆ. ಶಾಲೆಯ ದಿನಗಳಲ್ಲಿ ಎರಡು ಗಂಟೆಯ ಚೌಕ ಖಾಲಿ ಉಳಿಯುತ್ತಿತ್ತು. ಬೇಸಿಗೆ ರಜೆಯಲ್ಲಿ ಒಂದೂ ಖಾಲಿ ಇಲ್ಲ. ಆ ನೋಟುಬುಕ್ಕು ಈಗಲೂ ನನ್ನ ಹತ್ತಿರ ಇದೆ. ತಾರೀಖುಗಳೂ ಇವೆ. ಆದರೆ ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಯಾರೂ ತಾರೀಖಿನಿಂದ ದಿನ ಎಣಿಸುತ್ತಿರಲಿಲ್ಲ. ಅಕ್ಕನ ಕೂಸಿಗೆ ಎಷ್ಟು ದಿನವಾಯಿತು ಎಂಬುದೇ ನಮ್ಮ ಲೆಕ್ಕ. ಇಲ್ಲೂ ಹಾಗೇ ಬರೆಯುತ್ತೇನೆ.

ಅಪ್ಪ ಲಾಗ್ ಬರೆಯುವುದಕ್ಕೆ ನನಗೆ ಎರಡು ನಿಯಮ ಹೇಳಿಕೊಟ್ಟಿದ್ದ. ಅರ್ಧಕ್ಕೆ ಬಿಡಬಾರದು, ಇದು ಮೊದಲನೆಯದು. ಎರಡನೆಯದನ್ನು ಹೇಳಿದ್ದು ನನ್ನ ಕೈಯಿಂದ ರಬ್ಬರ್ ಕಿತ್ತುಕೊಂಡು.

"ಅಳಿಸಬ್ಯಾಡ. ತಪ್ಪಾತಾ? ಅದರ ಮ್ಯಾಲೆ ಒಂದು ಗೆರಿ ಎಳಿ, ಪಕ್ಕದಾಗ ಸರಿ ಬರಿ, ಸಹಿ ಹಾಕು. ತಪ್ಪು ಏನಿತ್ತು ಅಂತ ನಾಳೆ ನೋಡೋರಿಗೆ ಕಾಣಬೇಕು."

ಮೊದಮೊದಲು ನನಗೆ ಆ ಎರಡು ಅಂಕಿಗಳ ಅಂತರವೇ ದೊಡ್ಡ ಸೋಜಿಗ. ಒಂದೇ ಹಲಗೆ, ಒಂದೇ ಗಾಳಿ, ಆದರೂ ಬೇಸಿಗೆಯ ಮಧ್ಯಾಹ್ನ ಎಡಗಡೆಯದು ನಲವತ್ತು ತೋರಿಸಿದರೆ ಬತ್ತಿಯದು ಇಪ್ಪತ್ತೆರಡರಲ್ಲಿ ನಿಂತಿರುತ್ತಿತ್ತು. ಶೀಶೆಗೆ ತಣ್ಣೀರು ಹಾಕಿದ್ದಕ್ಕೆ ಹೀಗೆಂದು ನಾನು ತಿಳಿದಿದ್ದೆ. ಬಿಸಿಲಲ್ಲಿ ಕಾದ ನೀರು ಹಾಕಿ ನೋಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಇಪ್ಪತ್ತೆರಡು. ಅಪ್ಪ ನನ್ನ ಕೈಯನ್ನು ಬಕೆಟ್ಟಿನಲ್ಲಿ ಅದ್ದಿ, ಅಂಗಳದ ಬಿಸಿಗಾಳಿಗೆ ಹಿಡಿಯಲು ಹೇಳಿದ.

"ಹೆಂಗನ್ನಸ್ತೈತಿ?"

"ತಣ್ಣಗ."

"ಗಾಳಿ ಬಿಸಿ ಐತಿ, ಕೈ ತಣ್ಣಗ ಐತಿ. ನೀರು ಹಾರಿ ಹೋಗಬೇಕಾದ್ರ ಕೈಯಾಗಿನ ಕಾವು ಕಿತ್ತಗೊಂಡು ಹೋಗ್ತೈತಿ. ಬತ್ತಿದೂ ಅದ ಕತಿ. ಇದಕ್ಕ ವೆಟ್ ಬಲ್ಬ್ ಅಂತಾರ. ನಮ್ಮ ಟವರ್ ನೀರು ಎಷ್ಟ ಜಗ್ಗಾಡಲಿ, ಇದಕ್ಕಿಂತ ಕೆಳಗ ಇಳಿಯಂಗಿಲ್ಲ."

ಅಷ್ಟು ಸಾಕಾಯಿತು. ಅಂಗಳದ ಮೂಲೆಯಲ್ಲಿ ಮರಳಿನ ಮೇಲೆ ಕೂತಿದ್ದ ಮಣ್ಣಿನ ಗಡಿಗೆಯ ನೀರಿಗೆ ಥರ್ಮಾಮೀಟರ್ ಇಳಿಬಿಟ್ಟೆ: ಇಪ್ಪತ್ತನಾಲ್ಕು. ವೆಟ್ ಬಲ್ಬಿಗಿಂತ ಎರಡೇ ಹೆಚ್ಚು. ಅಂದರೆ ಗಡಿಗೆಯೂ ಹೊಟ್ಟೆ ತುಂಬ ನೀರಿಟ್ಟುಕೊಂಡ ಒಂದು ಒದ್ದೆ ಬತ್ತಿಯೇ. ಇದನ್ನು ನಾನೇ ಕಂಡುಹಿಡಿದೆ ಎಂಬ ಜಂಬ ಎಷ್ಟಿತ್ತೆಂದರೆ, ಮುಂದಿನದನ್ನೂ ನಾನೇ ಕಂಡುಹಿಡಿದೆ ಎಂದುಕೊಂಡೆ. ವಿಜ್ಞಾನದ ಪುಸ್ತಕದಲ್ಲಿ ಇಬ್ಬನಿ ಬಿಂದು ಎಂಬ ಮಾತಿತ್ತು: ಗಾಳಿ ಎಷ್ಟು ತಣ್ಣಗಾದರೆ ಅದರೊಳಗಿನ ಆವಿ ನೀರಾಗಿ ಇಳಿಯುತ್ತದೋ, ಆ ಉಷ್ಣತೆ. ಇಬ್ಬನಿ ಒದ್ದೆ, ಬತ್ತಿಯೂ ಒದ್ದೆ. ಗಾಳಿ ಇಳಿಯಬಹುದಾದ ಕೊನೆಯ ಮೆಟ್ಟಿಲನ್ನೇ ಬತ್ತಿ ತೋರಿಸುತ್ತಿದೆ ಎಂದು ತೀರ್ಮಾನಿಸಿ, ನೋಟುಬುಕ್ಕಿನ ಬಲಗಡೆಯ ಕಾಲಮ್ಮಿನ ನೆತ್ತಿಗೆ ಕೆಂಪು ಪೆನ್ನಿನಲ್ಲಿ "ಇಬ್ಬನಿ" ಎಂದು ಬರೆದೆ. ಯಾರೂ ಅಲ್ಲವೆನ್ನಲಿಲ್ಲ. ಯಾರೂ ನೋಡಲೂ ಇಲ್ಲ. ಪುಟದ ಮೇಲೆ ಪುಟ ಅದೇ ತಲೆಬರಹ ನಡೆಯಿತು.

ಅಕ್ಕ ನೀಲಾ ಸಂಡೂರಿಗೆ ಮದುವೆಯಾಗಿ ಹೋದವಳು, ಚೊಚ್ಚಲ ಹೆರಿಗೆಗೆ ಆ ಬೇಸಿಗೆ ಮನೆಗೆ ಬಂದಳು. ಕೂಸು ಹೆಣ್ಣು. ಆಸ್ಪತ್ರೆಯಿಂದ ಬಂದ ದಿನವೇ ಅವ್ವನ ತಾಯಿ, ನಮ್ಮ ಮೆಟ್ರಿ ಅಜ್ಜಿ, ಎರಡು ಚೀಲ ಹೊತ್ತುಕೊಂಡು ಬಸ್ಸಿಳಿದಳು. ಒಂದರಲ್ಲಿ ಅಜವಾನ, ಒಣಶುಂಠಿ, ಕೊಬ್ಬರಿ, ಉಂಡೆಗೆ ಹಾಕುವ ಅಂಟು, ಲೋಬಾನ. ಇನ್ನೊಂದರಲ್ಲಿ ಮೃದುವಾದ ಹಳೆಯ ಸೀರೆಗಳು ಮತ್ತು ಅವಳ ಹಿತ್ತಾಳೆಯ ಚೊಂಬು. ಮೆಟ್ರಿಯಲ್ಲಿ ಅಜ್ಜಿಯ ಕಾಲ ಮೇಲೆ ಎರೆಸಿಕೊಳ್ಳದ ಕೂಸಿಲ್ಲ ಎಂದು ಜನ ಹೇಳುತ್ತಿದ್ದರು. ಅವಳು ಯಾರ ಮನೆಗೆ ಬಾಣಂತನಕ್ಕೆ ಹೋದರೂ ಚೊಂಬು ಜೊತೆಗೇ. ಬೇರೆಯವರ ಲೋಟದಲ್ಲಿ ನೀರು ಕುಡಿದರೆ ಬಾಯಾರಿಕೆ ಹೋಗುವುದಿಲ್ಲವಂತೆ. ಬಂದವಳೇ ನಡುಕೋಣೆಯನ್ನು ಬಾಣಂತಿಗೆ ಗೊತ್ತು ಮಾಡಿದಳು. ಆ ಕೋಣೆಗೆ ಪಡಸಾಲೆಯಿಂದ ಒಂದು ಬಾಗಿಲು, ಅಂಗಳದ ಕಡೆಗೆ ಒಂದು ಕಿಟಕಿ, ಸೂರಿನ ಕೆಳಗೆ ಒಂದು ಗವಾಕ್ಷಿ. ಕಿಟಕಿ ಹಾಕಿದಳು. ಗವಾಕ್ಷಿಗೆ ಸೀರೆ ತುರುಕಿದಳು. ಅಕ್ಕನ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿದಳು. ಬೆಳಿಗ್ಗೆ ಎಣ್ಣೆ, ಸುಡುಸುಡು ನೀರು, ಲೋಬಾನದ ಹೊಗೆ. ಆಮೇಲೆ ಬಿಸಿ ಅನ್ನ, ಬೆಳ್ಳುಳ್ಳಿಯ ಸಾರು, ತುಪ್ಪ. ಸಂಜೆಗೆ ಅಂಟಿನ ಉಂಡೆ. ಉಂಡೆಯ ಮೇಲೆ ನನಗೂ ಕಣ್ಣಿತ್ತು. ದಿನಕ್ಕೊಂದು ಅಕ್ಕ ಕದ್ದು ಕೊಡುತ್ತಿದ್ದಳು. ಕೋಣೆಯ ಸೆಖೆ ಮಾತ್ರ ಬಾಗಿಲಲ್ಲಿ ನಿಂತರೇ ಮುಖಕ್ಕೆ ಹೊಡೆಯುತ್ತಿತ್ತು. ಕೂಸಿಗೆ ಹನ್ನೆರಡು ದಿನವಾದಾಗ ಅವ್ವನಿಗೂ ಅಜ್ಜಿಗೂ ಅದರ ಮೇಲೆ ನೇರಾನೇರ ಹತ್ತಿಕೊಂಡಿತು.

"ಯವ್ವಾ, ಕಿಟಕಿ ಒಂದೀಟು ತೆಗಿ. ಹುಡುಗಿ ಬೆಂದು ಹೊಂಟಾಳ."

"ನಿನ್ನ ಹಡದಾಗ ನಮ್ಮನ್ಯಾಗ ಕಿಟಕೀನ ಇರಲಿಲ್ಲ. ಬೆಂದ್ಯೇನು? ಬೆಂದಿದ್ರ ಇವತ್ತು ನನಗ ಬುದ್ಧಿ ಹೇಳಾಕ ಬಾಯಿ ಇರ್ತಿತ್ತೇನು?"

"ಆಗ ಮಣ್ಣಿನ ಮಾಳಿಗಿ ಇತ್ತು. ಇದು ಸಿಮೆಂಟು."

"ಸಿಮೆಂಟಿಗೆ ಹೆದರಿ ಗಾಳಿ ಬಡಿಯೋದು ಬಿಡ್ತೈತಾ? ನಾಳೆ ಸೊಂಟ ಹಿಡಕೊಂಡ್ರ ಸಂಡೂರಿನವ್ರು ಯಾರನ್ನ ಬೈತಾರ?"

ಸಂಡೂರಿನಿಂದ ಭಾವ ಬಂದದ್ದು ಮರುದಿನ, ಗೂಡ್ಸ್ ಆಟೋದಲ್ಲಿ ಒಂದು ಕೂಲರ್ ಹೇರಿಕೊಂಡು. ಮೂರು ಕಡೆ ಹುಲ್ಲಿನ ಜಾಲರಿ, ಕೆಳಗೆ ನೀರಿನ ತೊಟ್ಟಿ, ಎದುರಿಗೆ ಫ್ಯಾನು. ಕಿಟಕಿಗೆ ಇಡಬೇಕು ಎಂದು ಆತ ಅಂದದ್ದೇ ತಡ, ಅಜ್ಜಿ ಬಾಗಿಲಿಗೆ ಅಡ್ಡ ಕೂತಳು. ಕೊನೆಗೆ ಅಕ್ಕನೇ ರಾಜಿ ಮಾಡಿಸಿದಳು: ಕೂಲರ್ ಕೋಣೆಯ ಒಳಗೇ ಇರಲಿ, ಮುಖ ಗೋಡೆಗೆ ಇರಲಿ, ಕಿಟಕಿ ಹಾಕಿದ್ದು ಹಾಕಿದ ಹಾಗೇ ಇರಲಿ. ತಂಪೂ ಆಯಿತು, ಗಾಳಿಯೂ ಬಡಿಯಲಿಲ್ಲ. ಮೊದಲ ಒಂದು ತಾಸು ಅಜ್ಜಿಯೇ ಕಾಲು ಚಾಚಿ ಕೂತು, "ನಿಮ್ಮ ಭಾವನ ಕೂಲರು ಮಸ್ತ್ ಐತಲ್ಲೇ" ಎಂದಳು. ತೊಟ್ಟಿಗೆ ನೀರು ತುಂಬುವ ಕೆಲಸ ನನ್ನದಾಯಿತು. ಎಷ್ಟು ಬಕೆಟ್ ಎಂದು ಬರೆಯಲು ನೋಟುಬುಕ್ಕಿನಲ್ಲಿ ಹೊಸ ಕಾಲಂ ಎಳೆದೆ, ಅದರ ಪಕ್ಕ ಇನ್ನೊಂದು: "ಕಿಟಕಿ: ಮುಚ್ಚಿದೆ." ಮೊದಲ ದಿನ ಐದು ಬಕೆಟ್. ಎರಡನೆಯ ದಿನ ನಾಲ್ಕು. ಮೂರನೆಯ ದಿನ ಮೂರು. ಕೂಲರ್ ನಮ್ಮ ಮನೆಗೆ ಹೊಂದಿಕೊಳ್ಳುತ್ತಿದೆ, ನೀರು ಕಡಿಮೆ ಕುಡಿಯುತ್ತಿದೆ ಎಂದು ನಾವೆಲ್ಲ ಖುಷಿಪಟ್ಟೆವು.

ಚೊಂಬು ಸೋರತೊಡಗಿದ್ದು ಕೂಲರ್ ಬಂದ ಎರಡನೆಯ ದಿನ. ಅಜ್ಜಿ ಅಂಗಳದ ಗಡಿಗೆಯಿಂದ ಚೊಂಬು ತುಂಬಿಕೊಂಡು ಬಂದು ಕೋಣೆಯ ಸ್ಟೂಲಿನ ಮೇಲೆ, ಕೂಸಿನ ಮಡಿಸಿದ ಬಟ್ಟೆಗಳ ಪಕ್ಕ ಇಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸ್ಟೂಲಿನ ಮೇಲೆ ಬಳೆಯಂತೆ ನೀರಿನ ಗುರುತು, ತಳದ ಬಟ್ಟೆ ಒದ್ದೆ. ಮೊದಲ ಅನುಮಾನ ನನ್ನ ಮೇಲೆ.

"ಲೇ ಗೌರಿ, ಚೆಲ್ಲಿದ್ದು ಚೆಲ್ಲಿದೆ ಅನ್ನು. ನಾ ಏನು ನುಂಗತೀನಾ?"

"ನಾ ಮುಟ್ಟೇ ಇಲ್ಲ ಅಜ್ಜಿ."

"ಹಂಗಾರ ಕೂಸು ಎದ್ದು ಬಂದು ಚೆಲ್ಲೈತಿ ಬಿಡು."

ಒರೆಸಿ ಇಟ್ಟರೂ ಮತ್ತೆ ಒದ್ದೆ. ತೂತು ಬಿದ್ದಿದೆ ಎಂದು ಅಜ್ಜಿ ನಿರ್ಧರಿಸಿ, ಮರುದಿನ ನನ್ನನ್ನು ಕರೆದುಕೊಂಡು ಕಾಲುವೆಯ ಹತ್ತಿರ ಪಾತ್ರೆ ರಿಪೇರಿ ಮಾಡುತ್ತಿದ್ದ ಖಾಜಾ ಸಾಬರ ಅಂಗಡಿಗೆ ಹೋದಳು. ಅವರು ಚೊಂಬನ್ನು ಬೆಳಕಿಗೆ ಹಿಡಿದು ಒಳಗೆ ಕಣ್ಣಿಟ್ಟು ನೋಡಿದರು, ಬೆರಳಿನಿಂದ ತಟ್ಟಿ ಕೇಳಿದರು, ಅಂಗಡಿಯ ಗಡಿಗೆಯಿಂದ ನೀರು ತುಂಬಿ, ಹೊರಗೆ ಚೆನ್ನಾಗಿ ಒರೆಸಿ, ಹಳೇ ಪೇಪರಿನ ಮೇಲೆ ಇಟ್ಟು, ನಮ್ಮನ್ನು ಕೂರಲು ಹೇಳಿ ತಮ್ಮ ಕೆಲಸ ನೋಡಿಕೊಂಡರು. ಅವರು ಒಂದು ಹಂಡೆಯ ಕಿವಿ ಬೆಸೆದು ಮುಗಿಸುವವರೆಗೂ ಪೇಪರಿನ ಮೇಲೆ ಒಂದು ಹನಿಯಿಲ್ಲ.

"ಅಮ್ಮಾರ, ಇದರಾಗ ತೂತಿಲ್ರಿ. ಗಟ್ಟಿ ಮಾಲು. ಇನ್ನೂ ನಿಮ್ಮ ಮರಿಮಕ್ಕಳು ಕುಡೀತಾರ."

"ಕೋಣ್ಯಾಗ ಸೋರ್ತೈತಪ್ಪ."

"ಹಂಗಾರ ರಿಪೇರಿ ಕೋಣಿಗೆ ಮಾಡಸ್ರಿ," ಎಂದು ಖಾಜಾ ಸಾಬರು ನಕ್ಕರು.

ಅಜ್ಜಿ ನಗಲಿಲ್ಲ. ಮನೆಗೆ ಬಂದು ಅದೇ ಚೊಂಬನ್ನು ಕೋಣೆಯಲ್ಲಿ ಇಟ್ಟಳು, ಅದು ಸೋರಿತು. ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಕೂಸಿಗಲ್ಲ, ಚೊಂಬಿಗೆ. ಆವತ್ತು ಅಕ್ಕ ನಕ್ಕದ್ದು ನನಗೆ ನೆನಪಿದೆ, ಯಾಕೆಂದರೆ ಅದಾದ ಮೇಲೆ ಎರಡು ದಿನ ಅವಳು ನಗಲಿಲ್ಲ. ಕೂಸಿನ ಕುತ್ತಿಗೆಯ ಮಡಿಕೆಗಳಲ್ಲಿ, ಬೆನ್ನ ಮೇಲೆ, ಕೆಂಪು ಬೆವರುಗುಳ್ಳೆ ಎದ್ದವು. ಮೊದಲು ಒಂದೇ ಸಮನೆ ಅಳುತ್ತಿತ್ತು. ಆಶಾ ಕಾರ್ಯಕರ್ತೆ ಬಂದು ನೋಡಿ, ಕೋಣೆಗೆ ಗಾಳಿ ಆಡಬೇಕು ಎಂದು ಹೇಳಿ ತಾನೇ ಕಿಟಕಿ ತೆರೆದು ಹೋದಳು. "ಹೂಂನವ್ವ, ಹಂಗ ಮಾಡ್ತೀವಿ," ಎಂದು ಅಜ್ಜಿ ಅವಳನ್ನು ಬಾಗಿಲತನಕ ಕಳಿಸಿ, ಅವಳು ಓಣಿಯ ತಿರುವು ದಾಟುವುದನ್ನು ನೋಡಿ, ಬಂದು ಕಿಟಕಿ ಹಾಕಿದಳು. ಕೂಲರ್ ಬಂದ ನಾಲ್ಕನೆಯ ದಿನ, ಕೂಸಿಗೆ ಹದಿನಾರು, ಅಳು ನಿಂತಿತು. ಅದೇ ಹೆದರಿಕೆಯಾದದ್ದು. ಮೈ ಕಾದಿತ್ತು, ಬಾಯಿಗೆ ಮೊಲೆ ಇಟ್ಟರೆ ಎರಡು ಸಲ ಚೀಪಿ ಕಣ್ಣು ಮುಚ್ಚುತ್ತಿತ್ತು. ಅಕ್ಕನ ತಲೆಗೆ ಕಟ್ಟಿದ ಬಟ್ಟೆ ಹಿಂಡಿದರೆ ನೀರು ಬರುವಂತಿತ್ತು. ಡಾಕ್ಟರು ಸಂಜೆ ಐದಕ್ಕೆ ಆಸ್ಪತ್ರೆಗೆ ಬರುತ್ತಾರೆಂದು ಅವ್ವ ಫೋನು ಮಾಡಿ ತಿಳಿದುಕೊಂಡಳು. ಐದರತನಕ ಏನು ಮಾಡುವುದು, ತೋರಿಸಿಕೊಂಡು ಬಂದ ಮೇಲೆ ಮತ್ತೆ ಇದೇ ಕೋಣೆಯಲ್ಲಿ ಮಲಗಿಸುವುದೇ ಎಂದು ಅವಳು ಕೇಳಿದರೆ, ಇದೇ ಕೋಣೆಯಲ್ಲೇ ಎಂದು ಅಜ್ಜಿ. ಹದಿನಾರು ದಿನದ ಕೂಸಿಗೆ ಗಾಳಿ ಬಡಿದು ಸತ್ತದ್ದನ್ನು ಅವಳು ಕಣ್ಣಾರೆ ಕಂಡಿದ್ದಳಂತೆ. ಅದನ್ನು ಹೇಳುವಾಗ ಅವಳ ಧ್ವನಿ ಜಗಳದ ಧ್ವನಿಯಾಗಿರಲಿಲ್ಲ.

ಎರಡು ಗಂಟೆಯ ಲಾಗ್ ಬರೆಯುವ ಹೊತ್ತಾಗಿತ್ತು. ಗಾಜಿನ ಸಾಮಾನು ಬಾಣಂತಿ ಕೋಣೆಯೊಳಗೆ ಬೇಡವೆಂದು ಅಜ್ಜಿ ಅಲ್ಲಿಯವರೆಗೆ ಹಲಗೆಯನ್ನು ಒಳಗೆ ಬಿಟ್ಟಿರಲಿಲ್ಲ. ಅವಳು ಬಚ್ಚಲಿಗೆ ಹೋದದ್ದನ್ನು ನೋಡಿ ಒಳಗೆ ಒಯ್ದೆ. ಅಂಗಳದ ನೆರಳಿನಲ್ಲಿ ನಲವತ್ತು ಮತ್ತು ಇಪ್ಪತ್ತೆರಡು ಇದ್ದದ್ದು, ಕೋಣೆಯಲ್ಲಿ ಮೂವತ್ತೊಂದು ಮತ್ತು ಇಪ್ಪತ್ತೆಂಟು ಆಯಿತು. ಬತ್ತಿಯ ಥರ್ಮಾಮೀಟರು ತಂಪಿನ ಕೋಣೆಯಲ್ಲಿ ಮೇಲಕ್ಕೆ ಹತ್ತಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನೋಡುತ್ತ ನಿಂತವಳಿಗೆ ಥಟ್ಟನೆ ಚೊಂಬು ಹೊಳೆಯಿತು. ನನ್ನ ಲೆಕ್ಕದಲ್ಲಿ ಬಲಗಡೆಯದು ಇಬ್ಬನಿ. ಕೋಣೆಯ ಇಬ್ಬನಿ ಇಪ್ಪತ್ತೆಂಟು. ಗಡಿಗೆಯ ನೀರು ಇಪ್ಪತ್ತನಾಲ್ಕು, ಅದಕ್ಕಿಂತ ತಣ್ಣಗೆ. ಹಾಗಾಗಿ ಗಾಳಿಯ ನೀರು ಚೊಂಬಿನ ಮೈಮೇಲೆ ಇಳಿಯುತ್ತದೆ. ಹೊರಗಿನ ಇಬ್ಬನಿ ಇಪ್ಪತ್ತೆರಡು. ಚೊಂಬು ಅದಕ್ಕಿಂತ ಬೆಚ್ಚಗೆ. ಹಾಗಾಗಿ ಖಾಜಾ ಸಾಬರ ಅಂಗಡಿಯಲ್ಲಿ ಹನಿಯಿಲ್ಲ. ಓಡಿಹೋಗಿ ಅಜ್ಜಿಯ ಕೈ ಹಿಡಿದೆ.

"ಅಜ್ಜಿ, ಚೊಂಬು ಸೋರಂಗಿಲ್ಲ. ಕೋಣ್ಯಾಗಿನ ಗಾಳ್ಯಾಗ ನೀರು ತುಂಬೈತಿ, ಅದು ಚೊಂಬಿನ ಮ್ಯಾಲೆ ಇಳಿಯಾಕತ್ತೈತಿ. ಕೂಸಿನ ಮೈ ಬೆವರು ಅದಕ್ಕ ಆರವಲ್ದು. ಕಿಟಕಿ ತೆಗಿ."

"ನಿನ್ನ ಗಾಳ್ಯಾಗಿನ ನೀರು ಹೊರಗ ಯಾಕಿಲ್ಲ?"

"ಹೊರಗೂ ಐತಿ, ಕಡಿಮಿ ಐತಿ. ಚೊಂಬು ಇನ್ನೊಂದೀಟು ತಣ್ಣಗಾದ್ರ ಹೊರಗೂ ಬೆವರ್ತೈತಿ."

"ಬೆವರಸು ನೋಡೋಣ. ಬೆವರಿದ್ರ ನೀ ಹೇಳಿದ್ದು ಖರೆ."

ಅಂಗಳದ ನೆರಳಿನಲ್ಲಿ ಚೊಂಬನ್ನು ಒರೆಸಿ ಇಟ್ಟೆ. ಹಲಗೆಯ ಎಡಗಡೆಯ ಥರ್ಮಾಮೀಟರನ್ನು ಬಿಚ್ಚಿ ನೀರಿಗೆ ಇಳಿಬಿಟ್ಟೆ. ಫ್ರಿಜ್ಜಿನ ಬಾಟಲಿ ತಂದು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋದೆ. ಇಪ್ಪತ್ತೆರಡಕ್ಕೆ ಇಳಿಯಿತು. ಕಾದೆವು. ಚೊಂಬಿನ ಮೈ ಒಣಗಿತ್ತು. ಇಪ್ಪತ್ತೊಂದು. ಇಪ್ಪತ್ತು. ಅಜ್ಜಿ ಎರಡು ಸಲ ಬೆರಳಿನಿಂದ ಮುಟ್ಟಿ, ಬೆರಳನ್ನು ನನಗೆ ತೋರಿಸಿದಳು. ಹದಿನೇಳಕ್ಕೆ ಬರುವಷ್ಟರಲ್ಲಿ ಬಾಟಲಿ ಖಾಲಿಯಾಯಿತು. ಚೊಂಬು ಬಿಸಿಲಲ್ಲಿ ತೊಳೆದಿಟ್ಟಂತೆ ಫಳಫಳ ಹೊಳೆಯುತ್ತಿತ್ತು.

"ಬುಕ್ಕಿನ್ಯಾಗ ಬರದಿದ್ದೆಲ್ಲ ಖರೆ ಇರಂಗಿಲ್ಲ ತಂಗಿ," ಎಂದು ಅಜ್ಜಿ ಎದ್ದಳು. ಕೋಪವಿರಲಿಲ್ಲ, ಗೆದ್ದ ಸಂತೋಷವೂ ಇರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಕೂಸಿನ ಸದ್ದೇ ಇಲ್ಲ. ನನ್ನ ಒಂದು ತಪ್ಪಿನಿಂದ ಆ ಬಾಗಿಲು ಮುಚ್ಚಿತು ಎಂಬುದಷ್ಟೇ ಗೊತ್ತಿತ್ತು; ತಪ್ಪು ಎಲ್ಲಿದೆ ಎಂದು ಗೊತ್ತಿರಲಿಲ್ಲ.

ಮೂರೂಕಾಲಿಗೆ ಅಪ್ಪ ಶಿಫ್ಟ್ ಮುಗಿಸಿ ಬಂದ. ಶೂ ಬಿಚ್ಚುತ್ತಲೇ ಅವ್ವನಿಂದ ಕೂಸಿನ ವಿಷಯ ಕೇಳಿದ, ಐದಕ್ಕೆ ಆಟೋ ಹೇಳಿದ, ಆಮೇಲೆ ಅಂಗಳದಲ್ಲಿ ಚೊಂಬಿನ ಮುಂದೆ ಕೂತಿದ್ದ ನನ್ನ ಹತ್ತಿರ ಬಂದ. ನಾನು ಅಳುತ್ತ ಎಲ್ಲ ಹೇಳಿದೆ. ಅವನು ನೋಟುಬುಕ್ಕು ನೋಡಿದ.

"ಹದಿನೇಳಕ್ಕ ಯಾಕ ನಿಲ್ಲಿಸಿದಿ?"

"ಬಾಟ್ಲಿ ಖಾಲಿ ಆತು. ಹೆಂಗಿದ್ರೂ ತಪ್ಪಾತಲ್ಲ."

"ತಪ್ಪಾದ್ರ ಎಷ್ಟು ತಪ್ಪು ಅಂತ ಗೊತ್ತಾಗಬೇಕಲ್ಲ. ಲಾಗ್ ಅರ್ಧಕ್ಕ ಬಿಡಬಾರದು. ಐಸ್ ತಗೊಂಡು ಬಾ, ಜಲ್ದಿ."

ಐಸಿನ ತುಂಡುಗಳನ್ನು ಒಂದೊಂದಾಗಿ ಹಾಕಿ ಅಪ್ಪ ಚಮಚದಿಂದ ತಿರುಗಿಸುತ್ತಿದ್ದ, ನಾನು ಓದುತ್ತಿದ್ದೆ. ಹದಿನಾರು. ಹದಿನೈದು. ಹದಿಮೂರು. ಹನ್ನೆರಡಕ್ಕೆ ಬಂದಾಗ ಚೊಂಬಿನ ಹೊಳಪು ಮಂಕಾಯಿತು, ಕನ್ನಡಿಗೆ ಬಾಯಿಯಿಂದ ಊದಿದ ಹಾಗೆ. ಬೆರಳು ಎಳೆದೆ, ಗೆರೆ ಮೂಡಿತು. ನೀರು. ನಲವತ್ತು ಡಿಗ್ರಿಯ ಅಂಗಳದ ಗಾಳಿಯಿಂದ ಬಂದ ನೀರು. ನನ್ನ "ಇಬ್ಬನಿ" ಇಪ್ಪತ್ತೆರಡು ಅಂದಿತ್ತು, ನಿಜವಾದ ಇಬ್ಬನಿ ಹನ್ನೆರಡರಲ್ಲಿತ್ತು. ಅಪ್ಪ ಒಮ್ಮೆ ಬತ್ತಿಯ ಥರ್ಮಾಮೀಟರನ್ನು, ಒಮ್ಮೆ ಚೊಂಬನ್ನು ನೋಡಿದ. ಇಷ್ಟು ವರ್ಷ ವೆಟ್ ಬಲ್ಬ್ ಬರೆದರೂ ಇಬ್ಬನಿ ಬಿಂದುವಿನ ಉಸಾಬರಿ ಅವನಿಗೆ ಎಂದೂ ಬಿದ್ದಿರಲಿಲ್ಲ.

"ಬತ್ತಿ ತಣ್ಣಗಾಗ್ತೈತಿ, ಯಾಕಂದ್ರ ಗಾಳಿಗೆ ನೀರು ಕೊಡ್ತೈತಿ," ಎಂದ ನಿಧಾನಕ್ಕೆ.

"ಚೊಂಬು ಕೊಡಂಗಿಲ್ಲ. ಇಸ್ಕೊಂತೈತಿ," ಎಂದೆ ನಾನು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬತ್ತಿಯಿಂದ ನೀರು ಹಾರುತ್ತ ಅದನ್ನು ತಣಿಸುತ್ತದೆ, ಸುತ್ತಲಿನ ಬಿಸಿಗಾಳಿ ಅದಕ್ಕೆ ಮತ್ತೆ ಕಾವು ತುಂಬುತ್ತದೆ. ಹೋಗುವ ಕಾವು ಬರುವ ಕಾವು ಸರಿಸಮವಾದ ಕಡೆ ಬತ್ತಿ ನಿಂತುಬಿಡುತ್ತದೆ. ಗಾಳಿ ತನ್ನ ನೀರನ್ನು ಬಿಟ್ಟುಕೊಡುವ ತನಕ ಅದು ಇಳಿಯಬೇಕಾಗಿಯೇ ಇಲ್ಲ. ಗಾಳಿ ಇನ್ನೂ ಎಷ್ಟು ಕುಡಿದೀತು ಎಂದು ಬತ್ತಿ ಕೇಳುತ್ತಿತ್ತು. ಈಗಾಗಲೇ ಎಷ್ಟು ಕುಡಿದಿದೆ ಎಂದು ಚೊಂಬು ಕೇಳುತ್ತಿತ್ತು. ಎರಡು ಬೇರೆ ಪ್ರಶ್ನೆಗಳ ಉತ್ತರವನ್ನು ನಾನು ಒಂದೇ ಕಾಲಮ್ಮಿನಲ್ಲಿ ಬರೆದಿದ್ದೆ. ಗಾಳಿ ಒಣಗಿದಷ್ಟೂ ಉತ್ತರಗಳು ದೂರ, ನೆನೆದಷ್ಟೂ ಹತ್ತಿರ. ಒದ್ದೆ ಕೋಣೆಯಲ್ಲಿ ನನ್ನ ತಪ್ಪು ಲೆಕ್ಕವೂ ಸರಿಯಾದಂತೆ ಕಂಡದ್ದು ಅದಕ್ಕೇ. ಅಪ್ಪನಿಗೆ ಮಾತ್ರ ಕೋಣೆಯ ಇಪ್ಪತ್ತೆಂಟೇ ತಲೆಯಲ್ಲಿ ಕೂತಿತು.

"ಇಪ್ಪತ್ತೆಂಟು ವೆಟ್ ಬಲ್ಬಾ? ಅದು ಟವರಿನ ನೆತ್ತಿಂದ ಹೊರಗ ಬೀಳೋ ಗಾಳಿ ಗೌರಿ, ಕುಡುದು ಸಾಕಾದ ಗಾಳಿ. ಅದನ್ನ ಮತ್ತ ಬುಡಕ್ಕ ಬಿಟ್ರ ಟವರ್ ನಿಂತಂಗ. ನಾವು ಕೂಸಿನ ಕೋಣ್ಯಾಗ ಅದನ್ನ ಮಾಡೀವಿ."

ಅಪ್ಪ ಬಾಗಿಲು ತಟ್ಟಿದ. ಅತ್ತೆಯ ಎದುರಿಗೆ ಅವನು ಎಂದೂ ಧ್ವನಿ ಎತ್ತಿದವನಲ್ಲ, ಆವತ್ತೂ ಎತ್ತಲಿಲ್ಲ.

"ಅತ್ತಿ, ಚೊಂಬು ಹೊರಗ ಬೆವರಿತ್ರಿ. ಹುಡುಗಿ ಅರ್ಧಕ್ಕ ನಿಲ್ಲಿಸಿದ್ಲು. ಬಂದು ನೋಡ್ರಿ."

ಅಜ್ಜಿ ಬಂದಳು. ಚೊಂಬನ್ನು ಮುಟ್ಟಿದಳು, ಬೆರಳನ್ನು ಮೂಸಿದಳು. ಎಷ್ಟು ತಣ್ಣಗೆ ಮಾಡಿದಿರಿ ಎಂದು ಕೇಳಿ ಐಸಿನ ತಟ್ಟೆಯನ್ನು ನೋಡಿದಳು. ಒಳಗೆ ಹೋಗಿ ನಾವು ಅದೇ ಚೊಂಬಿಗೆ ಬಿಸಿನೀರು ಹಾಕಿ, ಗಡಿಗೆಯ ನೀರು ಬೆರೆಸುತ್ತ ಇಳಿಸಿದೆವು, ಇಪ್ಪತ್ತೇಳಕ್ಕೇ ಮಂಕಾಯಿತು. ಗೋಡೆಯ ಆಚೆ ಹನ್ನೆರಡು, ಈಚೆ ಇಪ್ಪತ್ತೇಳು. ಅಂಕಿಗಳು ಅಜ್ಜಿಗೆ ಹಿಡಿಸಲಿಲ್ಲ, ಹಿಡಿಸುವಂತೆಯೂ ಇರಲಿಲ್ಲ. ಹೊರಗೆ ಐಸ್ ಬೇಕಾಯಿತು, ಒಳಗೆ ಉಗುರುಬೆಚ್ಚನೆಯ ನೀರೇ ಸಾಕಾಯಿತು ಎಂಬುದನ್ನು ಮಾತ್ರ ಅವಳು ಬಿಟ್ಟೂಬಿಡದೆ ನೋಡುತ್ತಿದ್ದಳು. ಆಮೇಲೆ ಅವಳೇ ಕೇಳಿದಳು.

"ಲೇ ಗೌರಿ, ಈ ಕೂಲರಿಗೆ ಇಲ್ಲಿತನ ಎಷ್ಟು ಬಕೆಟ್ ಹಾಕೀಯೆ? ಬರದಿರ್ತೀಯಲ್ಲ."

"ಐದು, ನಾಕು, ಮೂರು, ಇವತ್ತು ಎರಡು. ಹದಿನಾಕು."

"ಎಲ್ಲಿ ಹೋತು?"

ನಾನು ಬಗ್ಗಿ ಕೂಲರಿನ ಕೆಳಗೆ ನೋಡಿದೆ. ನೆಲ ಒಣಗಿತ್ತು, ತೊಟ್ಟಿ ಸೋರಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಒಂದಿಷ್ಟು ಹೊರಗೆ ಹೋಗಿರುತ್ತದೆ ಎಂದು ಈಗ ನನಗೆ ಗೊತ್ತು. ಆಗ ಅದು ಹೊಳೆಯಲಿಲ್ಲ. ಅಜ್ಜಿ ಕೋಣೆಯ ನಡುವೆ ನಿಂತು ಸುತ್ತ ನೋಡಿದಳು. ಸೀರೆ ತುರುಕಿದ ಗವಾಕ್ಷಿ, ಕಿಟಕಿ, ಅಕ್ಕನ ಹಣೆ, ಕೂಸು.

"ಥಂಡಿ ಆಗಬಾರದು ಅಂತ ಕಿಟಕಿ ಹಾಕಿ, ಹದಿನಾಕು ಬಕೆಟ್ ನೀರಿನ್ಯಾಗ ಕೂಸಿನ ಮಲಗಿಸಿದ್ನಲ್ಲೇ," ಎಂದಳು.

ಕಿಟಕಿಯ ಅಗುಳಿಯನ್ನು ಅವಳೇ ತೆಗೆದಳು. ಗವಾಕ್ಷಿಯ ಸೀರೆ ಎಳೆಯಲು ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿದಳು. ಅಪ್ಪ ಕೂಲರನ್ನು ಹೊರಗಿನಿಂದ ಕಿಟಕಿಗೆ ಇಟ್ಟ, ಹುಲ್ಲಿನ ಬೆನ್ನು ಅಂಗಳದ ಒಣಗಾಳಿಗೆ, ಮುಖ ಒಳಗೆ; ಒಳಗಿನ ಗಾಳಿ ಹೊರಗೆ ಹೋಗಲು ಬಾಗಿಲು ನಾಲ್ಕು ಬೆರಳು ತೆರೆದಿರಬೇಕು ಎಂದ. ಅಜ್ಜಿ ಒಪ್ಪಿದಳು, ಆದರೆ ತನ್ನದನ್ನು ಪೂರ್ತಿ ಬಿಡಲಿಲ್ಲ. ಅಕ್ಕನ ಮಂಚವನ್ನು ಗಾಳಿಯ ದಾರಿಯಿಂದ ಮೂಲೆಗೆ ಸರಿಸಿದಳು, ನಡುವೆ ತನ್ನ ತೆಳು ಸೀರೆಯೊಂದನ್ನು ಹಗ್ಗಕ್ಕೆ ಇಳಿಬಿಟ್ಟಳು, ತಲೆಯ ಒದ್ದೆ ಬಟ್ಟೆ ಬಿಚ್ಚಿ ಒಣ ಬಟ್ಟೆ ಕಟ್ಟಿದಳು. ಐದಕ್ಕೆ ಅವ್ವ, ಅಕ್ಕ, ಅಜ್ಜಿ ಕೂಸನ್ನು ಎತ್ತಿಕೊಂಡು ಆಟೋ ಹತ್ತಿದರು. ಕೂಸಿಗೆ ಸೆಖೆ ಹತ್ತಿದೆ, ಗಾಳಿ ಆಡುವ ಕಡೆ ಮಲಗಿಸಿ, ಮೇಲಿಂದ ಮೇಲೆ ಹಾಲು ಕೊಡಿ, ನಾಳೆ ಮತ್ತೆ ಕರೆತನ್ನಿ ಎಂದರಂತೆ ಡಾಕ್ಟರು. ಅವರು ತಿರುಗಿ ಬರುವಷ್ಟರಲ್ಲಿ ಕೋಣೆಯ ಹಲಗೆ ಇಪ್ಪತ್ತೊಂಬತ್ತು ಮತ್ತು ಇಪ್ಪತ್ತಮೂರು ತೋರಿಸುತ್ತಿತ್ತು. ಅಜ್ಜಿ ಅದರ ಕಡೆ ನೋಡಲಿಲ್ಲ. ಗಡಿಗೆಯಿಂದ ಚೊಂಬು ತುಂಬಿಕೊಂಡು ಬಂದು, ಸೆರಗಿನಿಂದ ಒರೆಸಿ ಸ್ಟೂಲಿನ ಮೇಲಿಟ್ಟು, ಅದರ ಎದುರು ಕೂತಳು. ಅಕ್ಕ ಕೂಸನ್ನು ಎದೆಗೆ ಹಚ್ಚಿಕೊಂಡಳು. ಚೀಪುವ ಸದ್ದು ಕೇಳಿಸತೊಡಗಿತು. ಎರಡು, ಮೂರು, ನಾಲ್ಕು. ನಾನು ನಲವತ್ತರವರೆಗೆ ಎಣಿಸಿದೆ. ಆಮೇಲೆ ಎಣಿಸುವುದು ಮರೆತೆ. ಅಜ್ಜಿ ಚೊಂಬಿನ ಮೈಮೇಲೆ ಬೆರಳು ಎಳೆದಳು. ಗೆರೆ ಮೂಡಲಿಲ್ಲ.

ಮುಂದಿನ ಚಳಿಗಾಲ ಸಂಕ್ರಾಂತಿಗೆ ಹಂಪಿಯ ಹೊಳೆಗೆ ಮೀಯಲು ಹೋದಾಗ ನಾನು ಹಲಗೆಯನ್ನೂ ಅಜ್ಜಿಯ ಚೊಂಬನ್ನೂ ಒಯ್ದಿದ್ದೆ. ಹೊಳೆಯ ಮೇಲೆ ಮಂಜು ಕೂತ ಆ ಬೆಳಗಿನಲ್ಲಿ ಎಡಗಡೆ, ಬಲಗಡೆ, ಚೊಂಬು ಮೂರೂ ಒಂದೇ ಅಂಕಿ ಹೇಳಿದವು. ಗಾಳಿಗೆ ಇನ್ನು ಒಂದು ಹನಿಯೂ ಬೇಡವಾಗಿತ್ತು. ಮೆಟ್ರಿಯಲ್ಲಿ ಅಜ್ಜಿ ಆಮೇಲೂ ಬಹಳ ಬಾಣಂತನ ಮಾಡಿದಳು. ಯಾರ ಮನೆಗೆ ಹೋದರೂ ಕೂಸನ್ನು ನೋಡುವ ಮೊದಲು ಕೋಣೆಯಲ್ಲಿ ಚೊಂಬು ಇಟ್ಟು ಕೂರುತ್ತಿದ್ದಳಂತೆ. ಯಾಕೆಂದು ಕೇಳಿದರೆ, "ನನಗ ಬಾಯಾರಿಕಿ," ಅನ್ನುತ್ತಿದ್ದಳಂತೆ.

ಕಿಟಕಿ ತೆರೆದ ಆ ದಿನ ಸಂಜೆಯ ಲಾಗ್ ಬರೆಯಲು ಕೂತಾಗ ನಾನು "ಇಬ್ಬನಿ" ಎಂಬ ತಲೆಬರಹದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ "ವೆಟ್ ಬಲ್ಬ್" ಎಂದು ಬರೆದು, ಸಹಿ ಹಾಕಿದೆ. ಕೆಳಗೆ ಕೋಣೆಯ ಸಾಲಿನಲ್ಲಿ "ಕಿಟಕಿ: ಮುಚ್ಚಿದೆ" ಎಂಬುದರ ಮೇಲೂ ಒಂದು ಗೆರೆ ಎಳೆದೆ. ಕೂಸಿನ ಬೆನ್ನಿಗೆ ಎಣ್ಣೆ ಸವರುತ್ತಿದ್ದ ಅಜ್ಜಿ ಏನು ಮಾಡುತ್ತಿದ್ದೀ ಎಂದು ಕೇಳಿದಳು. ಅಪ್ಪನ ನಿಯಮ ಹೇಳಿದೆ.

"ಕಿಟಕಿ ತಪ್ಪು ನಿಂದಲ್ಲಲ್ಲ. ನೀ ಯಾಕ ಸಹಿ ಹಾಕ್ತಿ? ತಾ ಇಲ್ಲಿ."

ಅವಳು ಓದಿದವಳಲ್ಲ. ನನ್ನ ಕೈಯಿಂದ ನೋಟುಬುಕ್ಕು ತೆಗೆದುಕೊಂಡು, ಗೆರೆ ಎಲ್ಲಿದೆ ಎಂದು ಕೇಳಿ, ಅದರ ಪಕ್ಕಕ್ಕೆ ಎಣ್ಣೆಯ ಹೆಬ್ಬೆರಳನ್ನು ಒತ್ತಿದಳು. ಆ ಪುಟ ಈಗಲೂ ಅಷ್ಟು ಜಾಗದಲ್ಲಿ ಪಾರದರ್ಶಕವಾಗಿದೆ. ಬೆಳಕಿಗೆ ಹಿಡಿದರೆ ಅದರ ಹಿಂಬದಿಯಲ್ಲಿ ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಬರೆದದ್ದು ಕಾಣುತ್ತದೆ: ಕಿಟಕಿ ತೆರೆದಿದೆ, ಚೊಂಬು ಒಣ, ಕೂಸು ಅಳುತ್ತಿದೆ, ಹಸಿವಿಗೆ.